ಗಾಜಿನ ಮನೆಗೆ ಸೂಟು

ಟೈ ಬೇರೆ ಕಟ್ಟಿಕೊಂಡಿದ್ದಾರೆ, ಗಿಡ ನೋಡಲು ಬರುವವರಿಗೆ ಟೈ ಯಾಕೆ, ಅದೂ ಮಗನ ಮದುವೆಗೆ ಹೊಲಿಸಿದ ಕರಿ ಸೂಟಿನ ಮೇಲೆ, ಈಗ ಹೆಗಲಿನಿಂದ ಜೋತುಬಿದ್ದಿದೆ, ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಸಡಿಲ — ನೋಡಬಾರದು, ನೋಡಿದರೆ ನನ್ನ ಮುಖ ಓದಿಬಿಡುತ್ತಾರೆ, ಇಷ್ಟು ವರ್ಷದ ಸಂಸಾರ, ಗಂಡನಿಂದ ಏನನ್ನಾದರೂ ಮುಚ್ಚಿಟ್ಟು ಅಭ್ಯಾಸವಿಲ್ಲ ನನಗೆ. ಹೊರಗೆ ತಾಷ್ಕೆಂಟಿನ ಜನವರಿ ಹಲ್ಲು ಕಟಕಟ ಅನ್ನಿಸುತ್ತಿದೆ, ಈ ಗಾಜಿನ ಮನೆಯೊಳಗೆ ಬಚ್ಚಲ ಹಬೆ, ಬಾಳೆ, ತಾಳೆ, ಹೆಸರು ಗೊತ್ತಿಲ್ಲದ ಎಷ್ಟೋ ಬಳ್ಳಿ, ಎಲ್ಲವೂ ಬೆವರುತ್ತಿವೆ. ಬಾಗಿಲು ಹಾಕ್ರೀ, ಗಿಡಗಳಿಗೆ ಥಂಡಿ ಆಗತ್ತೆ, ಎಂದು ಕಾವಲಿನ ರಷ್ಯನ್ ಮುದುಕಿ ಕುರ್ಚಿಯಿಂದಲೇ ಗದರಿದಳು, ಇವರು ಎದೆಗೆ ಕೈಯಿಟ್ಟು ಬಾಗಿ, ತಪ್ಪಾಯ್ತು ತಾಯಿ, ನಮ್ಮನೆಯವಳು ಹುಟ್ಟಿದಾಗಿನಿಂದ ಒಂದು ಬಾಗಿಲೂ ಹಾಕಿದವಳಲ್ಲ, ಅಂದರು, ಮುದುಕಿ ಕಿಸಕ್ಕನೆ ನಕ್ಕಳು, ನಾನೂ ನಕ್ಕೆ. ಇಷ್ಟು ಲವಲವಿಕೆ ಎಲ್ಲಿಂದ ಬಂತು? ನಿನ್ನೆಯವರೆಗೆ ಮನೆ ಬಿಟ್ಟು ಹೊರಡದ ಮನುಷ್ಯ ಬೆಳಿಗ್ಗೆ ಗಡ್ಡ ಹೆರೆದು, ಸೆಂಟು ಪೂಸಿಕೊಂಡು, ಏಳೇ ಹುರ್ಶಿದಾ, ಬೊಟಾನಿಕಲ್ ಗಾರ್ಡನ್‌ಗೆ ಹೋಗಿ ಬರೋಣ, ಅಂದರೆ ಯಾವ ಹೆಂಡತಿಗೆ ಸಂಶಯ ಬರುವುದಿಲ್ಲ. ಯಾವಳನ್ನೋ ಇಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು, ಅವಳ ಜುಟ್ಟು ಹಿಡಿದು ಬೀದಿಯಲ್ಲಿ ಎಳೆದಾಡಿ, ಖುಷಿಯಾಗಿ ಮನೆಗೆ ಬಂದು ಚಹಾ ಕುಡಿಯುತ್ತಿದ್ದೆ.

ಗೊತ್ತಾಗಿಬಿಟ್ಟಿದೆಯಾ. ಯಾರು ಹೇಳಿರಬಹುದು. ಡಾಕ್ಟರು ಇವರನ್ನು ಹೊರಗೆ ಕೂರಿಸಿ ನನ್ನನ್ನೂ ಮಗನನ್ನೂ ಒಳಗೆ ಕರೆದು ಹೇಳಿದ್ದು, ಹೊಟ್ಟೆಯ ಕ್ಯಾನ್ಸರು, ಹರಡಿಬಿಟ್ಟಿದೆ, ಕೊಯ್ದು ಉಪಯೋಗವಿಲ್ಲ, ಅವರಿಗೆ ತಿಳಿಸಬೇಡಿ — ತಿಳಿಸಬೇಡಿ ಎಂದು ಬಾಯಿಬಿಟ್ಟು ಹೇಳಬೇಕೆ, ನಮ್ಮಲ್ಲಿ ಯಾರು ರೋಗಿಗೆ ಹೇಳುತ್ತಾರೆ, ಮನೆಯವರೆಲ್ಲ ಒಡಲಲ್ಲಿ ಇಟ್ಟುಕೊಂಡು ತಿರುಗುವುದು, ರೋಗಿಗೆ ಬರೀ ಗ್ಯಾಸ್ಟ್ರಿಕ್. ಇವರ ಅಣ್ಣ ಗನಿಜಾನ್ ಭಾವನವರಿಗೆ ಯಾವನೋ ಎಳಸು ಡಾಕ್ಟರು ನಿಜ ಹೇಳಿಬಿಟ್ಟ, ಅವತ್ತೇ ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ತುತ್ತು ಮುಟ್ಟಲಿಲ್ಲ, ಜರ್ದಾಳು ಹೂ ಬಿಡುವ ಮೊದಲೇ ಹೋದರು. ಇವರೂ ಹಾಗೆ ತಿರುಗಿ ಮಲಗಿಬಿಟ್ಟರೆ ನಾನೇನು ಮಾಡಲಿ. ಸೊಸೆ ಗವ್ಹರಳ ಮೇಲೇ ನನಗೆ ಅನುಮಾನ, ಮೊನ್ನೆ ಅಡುಗೆಮನೆಯಲ್ಲಿ ಅಳುತ್ತಿದ್ದಳು, ಯಾಕಮ್ಮಾ ಅಂತ ಇವರು ಕೇಳಿದರೆ ಈರುಳ್ಳಿ ಮಾವ ಅಂದಳು, ಕೈಯಲ್ಲಿ ಇದ್ದದ್ದು ಕ್ಯಾರೆಟ್ಟು, ಮಂಕುದಿಣ್ಣೆ. ಇಲ್ಲಾಂದರೆ ಪಕ್ಕದ ಮನೆಯ ಮುದುಕ, ಬಂದು ಕೂತವನು ಇವರ ಕೈ ಹಿಡಿದುಕೊಂಡು, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮನ್ನಿಸಿಬಿಡಪ್ಪ, ಅಂದನಲ್ಲ, ಸಾಯುವವರ ಹತ್ತಿರ ತಾನೇ ಹಾಗೆ ಕೇಳುವುದು, ನಾಲಿಗೆ ಸೇದಿಹೋಗ, ನಾನು ಚಹಾದ ಪಾತ್ರೆ ಕುಕ್ಕಿ ಮಾತು ಮರೆಸಿದೆ. ಇವರು ಆಗ ಯಾರ ಮುಖವನ್ನೂ ನೋಡಲಿಲ್ಲ, ರೊಟ್ಟಿ ಮುರಿಯುತ್ತಿದ್ದರು.

ಇಲ್ಲಿ ನಿಂತ್ಕೋತೀನಿ, ಒಂದು ಫೋಟೋ ತೆಗಿಯೇ, ಅನ್ನುತ್ತಾರೆ, ಬಾಳೆಯ ಮುಂದೆ ನಿಂತು ಟೋಪಿ ಸರಿಮಾಡಿಕೊಳ್ಳುತ್ತಾರೆ, ನಾನು ಗಿಡವೂ ಬರಲಿ ಎಂದು ಹಿಂದೆ ಸರಿದರೆ, ಗಿಡ ಯಾರಿಗೆ ಬೇಕು, ಎದೆ ಮಟ್ಟ ಸಾಕು, ನೇರಕ್ಕೆ ಹಿಡಿ, ಇಲ್ಲಿ ಸುತ್ತಲೂ ಗಾಜು, ಮುಖದ ಮೇಲೆ ನೆರಳು ಬೀಳಲ್ಲ, ಮನೇಲಿ ಕತ್ತಲೆ ಕಣೆ. ಸ್ವಲ್ಪ ನಗ್ರೀ. ಅದಕ್ಕೆ ನಗಬಾರದು, ಅಂದರು. ಅದಕ್ಕೆ ಅಂದರೆ ಯಾವುದಕ್ಕೆ, ಫೋಟೋಗೆ ನಗಬಾರದು ಎಂದು ಯಾರು ಹೇಳಿದ್ದು — ಅತ್ತೆಯವರ ಗೋರಿಯ ಕರಿಕಲ್ಲು, ಬೇರೆ ಫೋಟೋ ಸಿಗದೆ ಪಾಸ್‌ಪೋರ್ಟಿನದ್ದೇ ನೋಡಿ ಮುಖ ಕೆತ್ತಿಸಿದ್ದು, ಹೋದಾಗಲೆಲ್ಲ ಇವರು, ಅಮ್ಮನ್ನ ಪೊಲೀಸರು ಹಿಡ್ಕೊಂಡು ಹೋದ ಹಾಗಿದೆ ನೋಡು, ಎಂದು ಗೊಣಗುವುದು — ಕಲ್ಲಿಗೆ. ತನ್ನ ಕಲ್ಲಿಗೆ ತಾನೇ ಸೂಟು ಹಾಕಿಕೊಂಡು ಬಂದಿದ್ದಾರೆ, ಅಯ್ಯೋ ದೇವರೇ, ಗೊತ್ತಿದೆ ಇವರಿಗೆ, ಯಾವಾಗಿನಿಂದಲೋ ಗೊತ್ತಿದೆ, ಗೊತ್ತಿದ್ದೂ ದಿನಾ ನಾನು ಕೊಟ್ಟ ಅನ್ನದ ಸೂಪು ಬಟ್ಟಲು ಬಳಿದು ತಿಂದು, ಗ್ಯಾಸ್ಟ್ರಿಕ್‌ಗೆ ಇದೇ ಒಳ್ಳೇದು ಕಣೆ, ಎಂದು ಹೇಳಿ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು — ಅಣ್ಣನ ಹಾಗೆ ಗೋಡೆ ಕಡೆ ತಿರುಗಲಿಲ್ಲ, ನನಗೋಸ್ಕರ ತಿಂದರು, ನಾನೇ ಇವರ ಮುಂದೆ ನಾಟಕ ಆಡುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ. ಯಾಕೇ, ಇನ್ನೂ ತೆಗೀಲಿಲ್ವಾ. ಗ್ಯಾಸ್ಟ್ರಿಕ್ ಆದವರಿಗೆ ಇಷ್ಟೊಂದು ಶೋಕಿ ಯಾಕ್ರೀ, ಅಂದೆ, ಹೇಗೆ ಅಂದೆನೋ. ಶೋಕಿ ಮಾಡೋ ವಯಸ್ಸು ಕಣೆ, ಬೇಗ ತೆಗಿ, ಸೆಕೆ. ನನ್ನ ಕೋಟಿನ ಜೇಬಿನಲ್ಲಿ ತಣ್ಣಗಿದ್ದ ಫೋನಿಗೆ ಇಲ್ಲಿನ ಹಬೆ ಕಟ್ಟಿತು, ತಲೆವಸ್ತ್ರದ ತುದಿಯಿಂದ ಒರೆಸಿದೆ, ಮುಖ ಬಂತು, ಕ್ಷೌರದ ಕತ್ತಿ ತಾಗಿದ ಗದ್ದ, ನಗದೆ ಬಿಗಿಹಿಡಿದ ತುಟಿ, ನನ್ನನ್ನೇ ನೋಡುವ ಕಣ್ಣು, ಮತ್ತೆ ಹಬೆ, ಒರೆಸಿದೆ, ಮುಖ, ಹಬೆ, ಒರೆಸಿದೆ, ಮುಖ, ಒತ್ತಲಾರೆ, ಹಬೆ, ಒರೆಸಿದೆ, ಮುಖ —