ನಲವತ್ತೊಂದು ತಪ್ಪು, ಒಂದು ಹೂಂ

ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಒಂದು ಚೀಟಿ ಮಲಗಿರುತ್ತದಲ್ಲ, ಯಾರೂ ಬಿಚ್ಚಿ ಓದದ್ದು, ಅದನ್ನು ಅಕ್ಷರ ಬಿಡದೆ ಓದುವವನು ಒಬ್ಬನಾದರೂ ಈ ಲೋಕದಲ್ಲಿದ್ದಾನೆ. ಅವನೇ ಮುದ್ರಣಾಲಯದ ಕರಡು ತಿದ್ದುವವನು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕಿಟಕಿ, ಅದೇ ಓರೆ ಮೇಜು, ಅದೇ ಕೆಂಪು ಪೆನ್ಸಿಲು. ಎದುರಿಗೆ ಕೂತ ಸಹಾಯಕಿ ಮೂಲಪ್ರತಿಯನ್ನು ಚುಕ್ಕೆ ಕೊಂಬು ಸಮೇತ ಗಟ್ಟಿಯಾಗಿ ಓದುತ್ತಾಳೆ. ಇವನು ಕರಡಿನ ಮೇಲೆ ಕಣ್ಣು ಓಡಿಸುತ್ತಾನೆ. 0.5 ಮಾತ್ರೆ ಎಂಬಲ್ಲಿ ಒಂದು ಚುಕ್ಕೆ ಜಾರಿದರೆ ಅದು ಐದು ಮಾತ್ರೆಯಾದೀತು, ಅದರ ಹಿಂದೆ ಒಂದು ಜೀವವೂ ಜಾರೀತು. ಹಾಗಾಗಿ ತಪ್ಪು ಕಂಡೂ ಸುಮ್ಮನಿರುವುದು ಅವನ ಮಟ್ಟಿಗೆ ಪಾಪ.

ಇಂಥ ಒಳ್ಳೆಯ ಗುಣವೇ ಮನೆಯಲ್ಲಿ ಒಂದು ಕಥೆಯ ಕತ್ತು ಹಿಸುಕಿತು.

ಮನೆಯಲ್ಲಿ ಮೂವರು: ಅವನು, ಕಾಲೇಜಿಗೆ ಹೋಗುವ ಮಗಳು, ತಾಯಿಯಿಲ್ಲದ ಆ ಮಗಳನ್ನು ಎತ್ತಿ ಆಡಿಸಿ ಬೆಳೆಸಿದ ಅವನ ಅಕ್ಕ. ಅಕ್ಕ ಪರದೆ ಹೊಲಿಯುವವಳು. ಊರಿನ ಎಷ್ಟೋ ಕಿಟಕಿಗಳ ಮಾನ ಅವಳ ಸೂಜಿಯ ತುದಿಯಲ್ಲಿತ್ತು. ಒಂದು ಬೆಳಗ್ಗೆ ಅವಳ ಬಲಗಣ್ಣಿಗೆ, ಯಾರೋ ಒಳಗಿನಿಂದಲೇ ಪರದೆ ಎಳೆದಂತೆ, ಕತ್ತಲೆ ಇಳಿಯಿತು. ಎಡಗಣ್ಣು ಮೊದಲೇ ಮಂದ. ಡಾಕ್ಟರು ಕಣ್ಣೊಳಗಿನ ಕಳಚಿದ ಪದರವನ್ನು ಕೂಡಿಸಿ, ಅದು ಅಂಟಿಕೊಳ್ಳಲೆಂದು ಒಳಗೆ ಗಾಳಿಯ ಗುಳ್ಳೆಯೊಂದನ್ನು ತುಂಬಿದರು. "ಎರಡು ವಾರ ಮುಖ ಕೆಳಗೆ ಮಾಡಿ ಮಲಗಬೇಕಮ್ಮ. ಗಂಟೆಯಲ್ಲಿ ಐವತ್ತು ನಿಮಿಷ ಕವುಚಿ, ಹತ್ತು ನಿಮಿಷ ಎದ್ದು. ಮಿಕ್ಕಿದ್ದು ದೇವರ ಕೈಲಿದೆ."

"ದೇವರ ಕೈ ಖಾಲಿ ಇರಲ್ಲ ಬಿಡಿ," ಎಂದಳು ಅಕ್ಕ. ಆಮೇಲೆ ತಾನೇ ಹಿಂದೆಂದೋ ಹೊಲಿದಿದ್ದ ದುಂಡು ದಿಂಬಿಗೆ ಹಣೆ ಕೊಟ್ಟು ಮಲಗಿದಳು.

ನೆಲದ ಟೈಲ್ಸು ಎಷ್ಟೆಂದು ನೋಡುವುದು? ಎರಡನೆಯ ದಿನಕ್ಕೇ ಅವಳ ಉಸಿರು ಉದ್ದವಾಗತೊಡಗಿತು. ಮಗಳು ಒಂದು ಉಪಾಯ ಹುಡುಕಿದಳು. ಮೂವತ್ತು ವರ್ಷದ ಹಿಂದೆ ರೇಡಿಯೋದಲ್ಲಿ ದೋಣಿಯವನೊಬ್ಬನ ನಾಟಕ ವಾರವಾರವೂ ಬರುತ್ತಿತ್ತು. ದೋಣಿ ಮಂಜಿನೊಳಗೆ ಹೋಗಿ ಮಾಯವಾಯಿತು. ಮುಂದಿನ ವಾರ ನಾಟಕದ ಬದಲು ಹವಾಮಾನ ವರದಿ ಬಂತು. ಅಷ್ಟೇ, ಮತ್ತೆ ನಾಟಕ ಬರಲೇ ಇಲ್ಲ. ಇವತ್ತಿಗೂ ಹವಾಮಾನ ವರದಿ ಕೇಳಿಸಿದರೆ ಅಕ್ಕ ಗುಂಡಿ ತಿರುಗಿಸಿಬಿಡುತ್ತಾಳೆ. ಈಗ ಅದೇ ದೋಣಿಯವನ ಕಥೆಯನ್ನು ಅವನ ಅಭಿಮಾನಿಯೊಬ್ಬರು ತಾವಾಗಿಯೇ ಮುಂದುವರಿಸಿ ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದರು.

"ಫ್ಯಾನ್ ಫಿಕ್ಷನ್ ಅಂತಾರೆ ಅತ್ತೆ. ಯಾರು ಬೇಕಾದ್ರೂ ಬರೀಬಹುದು, ಯಾರು ಬೇಕಾದ್ರೂ ಓದಬಹುದು. ಬರೆಯೋರ ಹೆಸರು ನೀರುಕೋಳಿ."

"ನೀರುಕೋಳೀನೇ? ಹಾಗಾದ್ರೆ ದೋಣಿ ಎಲ್ಲಿ ಹೋಯ್ತು ಅಂತ ಅದಕ್ಕೆ ಗೊತ್ತಿರುತ್ತೆ. ಓದ್ಸು."

ಓದುವ ಕೆಲಸ ತಮ್ಮನ ಪಾಲಿಗೆ ಬಂತು. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಮಂಚದ ಪಕ್ಕ ನೆಲದ ಮೇಲೆ ಮೊಬೈಲು ಹಿಡಿದು ಕೂತ. ಮೊದಲ ದಿನ ಅಭ್ಯಾಸಬಲ ಬಿಡಲಿಲ್ಲ. "ದೋಣಿಯವನು ಅಲ್ಪವಿರಾಮ ಹುಟ್ಟನ್ನು ಕೆಳಗಿಟ್ಟು ಅಲ್ಪವಿರಾಮ ಆಕಾಶ ನೋಡಿದ ಪೂರ್ಣವಿರಾಮ."

ದಿಂಬಿನೊಳಗಿಂದ ದನಿ ಬಂತು: "ಆ ಅಲ್ಪವಿರಾಮನ ಎತ್ತಿ ನೀರಿಗೆ ಹಾಕೋ ಮಾರಾಯ. ದೋಣಿ ಭಾರ ಆಗ್ತಿದೆ."

ಆಮೇಲೆ ಓದು ಹದಕ್ಕೆ ಬಂತು. ಅವನು ಓದುವುದು, ಅವಳು ಹೂಂಗುಟ್ಟುವುದು. ಎಲ್ಲ ಸಾಲಿಗೂ ಅಲ್ಲ. ಯಾವುದೋ ಒಂದು ಸಾಲಿನಲ್ಲಿ, ಎದೆಯಲ್ಲೇನೋ ನೆಟ್ಟಗಾದಂತೆ, "ಹೂಂ" ಎನ್ನುವಳು. ಅವರ ತಾತ ಜಗಲಿಯಲ್ಲಿ ಕೂತು ಪದ್ಯ ಹೇಳುತ್ತಿದ್ದಾಗ, ಆರು ವರ್ಷದ ಹುಡುಗಿಯಾಗಿ ಕಲಿತ ಹೂಂ ಅದು. ತಾತ ಹೋದರು, ಜಗಲಿ ಹೋಯಿತು, ಹೂಂ ಉಳಿಯಿತು.

ಐದು ದಿನದಲ್ಲಿ ಇಪ್ಪತ್ತಮೂರು ಅಧ್ಯಾಯ ಮುಗಿದವು. ನೀರುಕೋಳಿ ದಿನ ಬಿಟ್ಟು ದಿನ ಒಂದು ಅಧ್ಯಾಯ ಹಾಕುತ್ತಿದ್ದರು. ಇವರು ಬೆನ್ನಟ್ಟಿ ಅವರ ಹೆಜ್ಜೆಗೇ ಬಂದು ಮುಟ್ಟಿದ್ದರು. ಇಪ್ಪತ್ತಮೂರನೆಯದರಲ್ಲಿ ದೋಣಿ ಕೊನೆಗೂ ಮನೆಯ ದಡದ ಕಡೆ ತಿರುಗಿತು. ದಡದ ಮೇಲೆ ದೋಣಿಯವನ ಅಕ್ಕ ಕಂದೀಲು ಹಿಡಿದು ನಿಂತಿದ್ದಾಳೆ. ನಡುವೆ ಮಂಜು. ಅಲ್ಲಿಗೆ ನಿಂತಿತು.

"ಸಿಕ್ತಾನೆ ಕಣೋ," ಎಂದಳು ಅಕ್ಕ. "ಅವನು ದಡ ಮುಟ್ಟಲಿ, ನನ್ನ ಕಣ್ಣು ತಾನಾಗೇ ಅಂಟಿಕೊಳ್ಳುತ್ತೆ."

ಅವಳು ನಗುತ್ತಲೇ ಅಂದದ್ದು. ತಮ್ಮ ಮಾತ್ರ ನಗಲಿಲ್ಲ. ಅಕ್ಕ ಹರಕೆ ಹೊತ್ತವಳಂತೆ ತನ್ನ ಕಣ್ಣನ್ನೇ ಆ ದೋಣಿಗೆ ಕಟ್ಟಿಬಿಟ್ಟಿದ್ದಾಳಲ್ಲ! ಇಂಥ ಕಥೆಯನ್ನು ಬರೆದವರಿಗೆ ತನ್ನಿಂದ ಏನಾದರೂ ಸಲ್ಲಬೇಡವೇ? ಅವನ ಬಳಿ ಇದ್ದ ವಿದ್ಯೆ ಒಂದೇ. ಮರುದಿನ ಊಟದ ಬಿಡುವಿನಲ್ಲಿ ಓರೆ ಮೇಜಿನ ಮುಂದೆ ಕೂತು, 'ಕರಡು' ಎಂಬ ಹೆಸರಿನಲ್ಲಿ ಕಾಮೆಂಟು ಬರೆದ. ನಲವತ್ತೊಂದು ತಪ್ಪು, ಸಾಲಿನ ಸಂಖ್ಯೆ ಸಮೇತ. ಹಲೆ ಅಲ್ಲ, ಅಲೆ. ಆಯಿ ಅಲ್ಲ, ಹಾಯಿ. ಹಂಚು ಅಲ್ಲ, ಅಂಚು. ನೀರುಕೋಳಿಗೆ ಹಕಾರ ಕೈಕೊಡುತ್ತಿತ್ತು. ಇರಬೇಕಾದಲ್ಲಿ ಹಾರಿಹೋಗಿ, ಬೇಡವಾದಲ್ಲಿ ಬಂದು ಕೂರುತ್ತಿತ್ತು. ಕೊನೆಗೆ ಬರೆದ: "ಮುಂದಿನ ಅಧ್ಯಾಯ ಬೇಗ ಹಾಕಿ. ಹಾಕುವ ಮುನ್ನ ತಿಳಿದವರಿಗೆ ತೋರಿಸಿ."

ಹೂಮಾಲೆ ಹಾಕಿ ಬಂದಷ್ಟು ಸಮಾಧಾನದಿಂದ ಅವನು ಮನೆಗೆ ಬಂದ.

ಮಾರನೆಯ ದಿನ ಅಧ್ಯಾಯ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಒಂದು ಪುಟ್ಟ ಟಿಪ್ಪಣಿ ಬಂತು. ಮಗಳು ಅದನ್ನು ಅಡುಗೆಮನೆಯಲ್ಲಿ ನಿಂತು, ಅತ್ತೆಗೆ ಕೇಳದಂತೆ ಓದಿದಳು. "ಇಷ್ಟು ತಪ್ಪಿದೆ ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಕಥೆ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ಓದಿದವರಿಗೆಲ್ಲ ನಮಸ್ಕಾರ."

"ಅಪ್ಪಾ, ಈ 'ಕರಡು' ಯಾರು?"

"ಯಾರೋ... ತಿಳಿದವರಿರಬೇಕು."

"ಅಪ್ಪಾ!"

"ನಾನೇ ಕಣಮ್ಮ. ಒಳ್ಳೇದಕ್ಕೇ ಹೇಳ್ದೆ."

"ಅವರು ಕೇಳಿದ್ರಾ? ಯಾರೋ ಪಾಪ ಕೆಲಸ ಮುಗಿಸಿ, ಉಳಿದ ಹೊತ್ತಲ್ಲಿ ಖುಷಿಗೆ ಬರೆದು ಸುಮ್ನೆ ಕೊಡ್ತಾರೆ. ನೀನು ಹೋಗಿ ಮೊಸರಲ್ಲಿ ಕಲ್ಲು ಹುಡುಕ್ತೀಯ. ಅದೂ ಎಲ್ಲರೆದುರಿಗೆ! ಮೇಲೆ ಬೇಗ ಹಾಕಿ ಅಂತ ಅಪ್ಪಣೆ ಬೇರೆ."

ಉಪಕಾರ ಮಾಡಹೋಗಿ ಉಪದ್ರವವಾಯಿತು, ನಿಜ. ಆದರೆ ಅಕ್ಕನಿಗೆ ಏನೆಂದು ಹೇಳುವುದು? ಕವುಚಿ ಮಲಗಿ ದಿನ ಎಣಿಸುತ್ತಿರುವವಳಿಗೆ, ದೋಣಿ ಮತ್ತೆ ಮಂಜಿನಲ್ಲಿ ಕಳೆದುಹೋಯಿತು, ಈ ಸಲ ನಾನೇ ಹವಾಮಾನ ವರದಿ ಎನ್ನುವುದೇ?

ಆ ಸಂಜೆ ಅವನು ಖಾಲಿ ಮೊಬೈಲು ಹಿಡಿದು, ತಾನೇ ಕಟ್ಟಿದ ಅಧ್ಯಾಯವೊಂದನ್ನು ಓದತೊಡಗಿದ.

"ದೋಣಿಯು ಸಮತೋಲನ ಕಾಯ್ದುಕೊಂಡು ದಡದ ದಿಕ್ಕಿನಲ್ಲಿ ಮುಂದುವರಿಯಿತು. ಮಂಜಿನ ಪ್ರಮಾಣವು ಕ್ರಮೇಣ ಕಡಿಮೆಯಾಯಿತು. ಪ್ರಯಾಣಿಕನಲ್ಲಿ ಯಾವುದೇ ಅಡ್ಡಪರಿಣಾಮಗಳು ಕಂಡುಬರಲಿಲ್ಲ..."

ಹೂಂ ಬರಲಿಲ್ಲ. ಇನ್ನೆರಡು ಸಾಲು ಓದಿದ. ಆಗಲೂ ಬರಲಿಲ್ಲ.

"ಊಟಕ್ಕೆ ಮುಂಚೆಯೋ, ಆಮೇಲೋ?" ಎಂದಳು ಅಕ್ಕ.

"ಏನು?"

"ಈ ಮಾತ್ರೆ. ಇದು ನಿಂದು ಕಣೋ. ಒಂದೂ ತಪ್ಪಿಲ್ಲ ಇದರಲ್ಲಿ. ಏನಾಯ್ತು ಹೇಳು."

ಹೇಳಿದ. ನೆಲಕ್ಕೆ ಮುಖ ಮಾಡಿದವಳಿಗೆ, ನೆಲ ನೋಡುತ್ತಲೇ ಎಲ್ಲ ಹೇಳಿದ. ಎದ್ದು ಕೂರುವ ಹತ್ತು ನಿಮಿಷ ಬಂತು, ಅವಳು ಏಳಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ತಾತನ ಬಾಯಲ್ಲಿ ಎಷ್ಟು ಹಲ್ಲಿತ್ತು, ನೆನಪಿದ್ಯಾ?" ಎಂದಳು ಕೊನೆಗೆ.

"ಎರಡೋ ಮೂರೋ."

"ಶಿವ ಅನ್ನೋಕೆ ಸಿವ ಅಂತಿದ್ರು. ಸಾಲೂ ಮರೀತಿದ್ರು. ನಾವ್ಯಾರಾದ್ರೂ ತಿದ್ದಿದ್ವಾ? ಉಸಿರು ತಗೊಳ್ಳೋಕೆ ನಿಂತಾಗ ನಾನು ಹೂಂ ಅಂತಿದ್ದೆ. ಆ ಹೂಂ ಹಿಡ್ಕೊಂಡು ಅವರು ಮುಂದಿನ ಸಾಲಿಗೆ ಹತ್ತೋರು. ನೀನು ಆಗಲೂ ಅಷ್ಟೇ, ನಿದ್ದೆ ಹೋಗ್ತಿದ್ದೆ."

ಅವನು ಅಂದೇ ಆ ಕಾಮೆಂಟು ಅಳಿಸಿದ. ಕ್ಷಮೆ ಕೇಳಲು ಕೂತರೆ ಎರಡು ಪುಟವಾಯಿತು: ಮುದ್ರಣದೋಷದ ಅಪಾಯ, ವೃತ್ತಿಧರ್ಮ, ಇಪ್ಪತ್ತೊಂಬತ್ತು ವರ್ಷದ ಅನುಭವ. ಮಗಳು ಓದಿ ನೋಡಿ, "ಇದು ಕ್ಷಮಾಪಣೆನೋ, ಕೋರ್ಟಿಗೆ ಅರ್ಜಿನೋ?" ಎಂದಳು. ಉಳಿದದ್ದು ಒಂದೂವರೆ ಸಾಲು: "ಕೇಳದೆ ತಿದ್ದಿದೆ. ನನ್ನದು ತಪ್ಪು, ಕ್ಷಮಿಸಿ."

"ಅಕ್ಕನ ಕಣ್ಣಿನ ವಿಷಯ ಬರೀಲಾ? ಕರುಣೆ ಬಂದಾದ್ರೂ..."

"ಮುಚ್ಚು ಬಾಯಿ," ಎಂದಳು ಅಕ್ಕ. "ನನ್ನ ಕಣ್ಣಿನ ಭಾರ ಅವರ ಕೈಮೇಲೆ ಯಾಕೆ ಹೊರಿಸ್ತೀಯ? ಬರೆದ್ರೆ ಬರೀತಾರೆ, ಇಲ್ದಿದ್ರೆ ಇಲ್ಲ. ಅವರ ದೋಣಿ, ಅವರ ಹುಟ್ಟು. ಮೊದಲನೇ ಅಧ್ಯಾಯ ತೆಗಿ, ಮತ್ತೆ ಓದು."

ಹಾಗೆ ಎರಡನೆಯ ಪಾರಾಯಣ ಶುರುವಾಯಿತು. ಈ ಸಲ ಅವನ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಬದಲು ಸೀಸದ ಕಡ್ಡಿಯಿತ್ತು. ಅಕ್ಕ ಎಲ್ಲಿ ಹೂಂ ಎನ್ನುತ್ತಾಳೋ ಆ ಸಾಲನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವನು; ಓದು ಮುಗಿದ ಮೇಲೆ ಆಯಾ ಅಧ್ಯಾಯದ ಕೆಳಗೆ ಒಂದೇ ಕಾಮೆಂಟು ಹಾಕುವನು. 'ದೋಣಿಯವನು ಒದ್ದೆ ಹಗ್ಗವನ್ನು ಮಗುವಿನಂತೆ ಎತ್ತಿಕೊಂಡ ಎಂಬಲ್ಲಿ ನನ್ನ ಅಕ್ಕ ಹೂಂ ಎಂದಳು.' ಅಷ್ಟೇ. ಮುಂದಿನದು ಯಾವಾಗ ಎಂಬ ಮಾತಿಲ್ಲ.

ಬರೆಯುತ್ತ ಬರೆಯುತ್ತ ಅವನಿಗೊಂದು ಸೋಜಿಗ ಕಂಡಿತು. ಅಕ್ಕ ಹೂಂ ಎಂದ ಸಾಲುಗಳಲ್ಲಿ ಅರ್ಧಕ್ಕರ್ಧ ಅವನು ತಪ್ಪು ಹಿಡಿಯಬಹುದಾದ ಸಾಲುಗಳೇ. 'ಹಲೆಗಳು ದೋಣಿಯ ಹಂಚಿಗೆ ಕಿವಿಯಿಟ್ಟವು.' ಮೊದಲ ಸಲ ಅವನ ಕಣ್ಣಿಗೆ ಬಿದ್ದದ್ದು ಎರಡು ಹಕಾರ. ಅಲೆ ಕಿವಿಯಿಟ್ಟದ್ದು ಕಂಡಿರಲೇ ಇಲ್ಲ. ದೇವರೇ, ಇಷ್ಟು ವರ್ಷ ಇನ್ನೆಷ್ಟು ಸಾಲುಗಳ ಮುಂದೆ ನಾನು ಹೀಗೆ ಕುರುಡನಾಗಿ ಕೂತಿದ್ದೆ?

ಮುದ್ರಣಾಲಯದಲ್ಲೂ ಈ ಚಾಳಿ ತಗುಲಿತು. ಸಹಾಯಕಿ ಕೆಮ್ಮಿನ ಔಷಧಿಯ ಚೀಟಿ ಓದುತ್ತಿದ್ದಳು: "ದಿನಕ್ಕೆ ಎರಡು ಬಾರಿ, ಚೆನ್ನಾಗಿ ಅಲುಗಾಡಿಸಿ."

"ಹೂಂ," ಎಂದ ಇವನು.

"ಏನ್ ಸಾರ್ ಹೂಂ? ಮುಂದೆ ರಾಜಕುಮಾರಿ ಬರಲ್ಲ, ಬೆಲೆ ಬರುತ್ತೆ."

ಹನ್ನೊಂದನೆಯ ಅಧ್ಯಾಯದ ಕಾಮೆಂಟಿನ ಕೆಳಗೆ ಉತ್ತರವೊಂದು ಬಂದಿತ್ತು. "ನಿಮ್ಮ ಅಕ್ಕನಿಗೆ ನಮಸ್ಕಾರ ಹೇಳಿ. ನಾನು ಬರೆಯುವಾಗ ಹೂಂ ಅನ್ನುವವರು ಯಾರೂ ಇರಲಿಲ್ಲ. ಚೆನ್ನಾಗಿದೆ ಅಂದವರಿದ್ದರು, ಬೇಗ ಹಾಕಿ ಅಂದವರಿದ್ದರು. ಎಲ್ಲಿ ಚೆನ್ನಾಗಿದೆ ಅಂತ ಯಾರೂ ಹೇಳಿರಲಿಲ್ಲ."

ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು. "ಏನೂ ಉತ್ತರ ಬರೀಬೇಡ. ಹನ್ನೆರಡನೇದು ತೆಗಿ."

ಎರಡು ವಾರ ಮುಗಿಯಿತು. ಡಾಕ್ಟರು ದೀಪ ಹಿಡಿದು ನೋಡಿ, "ಪದರ ಕೂತಿದೆ, ನಿಧಾನಕ್ಕೆ ನೋಡೋಣ" ಎಂದು ಎದ್ದು ಕೂರಲು ಬಿಟ್ಟರು. ಗುಳ್ಳೆ ಕರಗುವತನಕ ಬಲಗಣ್ಣಿಗೆ ಏನೂ ಸ್ಪಷ್ಟವಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತವಳಿಗೆ ತಮ್ಮ ಇಪ್ಪತ್ತಮೂರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿದ. ಮಂಜು, ಕಂದೀಲು, ಅಲ್ಲಿಗೆ ನಿಂತಿತು. ಅವನು ಕಾಮೆಂಟು ಬರೆದು ಮೊಬೈಲು ಕೆಳಗಿಟ್ಟ. ಇನ್ನು ಓದಲು ಏನೂ ಉಳಿದಿರಲಿಲ್ಲ.

ಐದನೆಯ ದಿನ ಬೆಳಗ್ಗೆ ಮಗಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೂಗಿದಳು: "ಅಕ್ಕೇ! ಇಕ್ಕತ್ತಕ್ಕಾಲ್ಕು!"

"ಉಗಿದು ಬಂದು ಹೇಳೇ," ಎಂದಳು ಅತ್ತೆ.

ಇಪ್ಪತ್ತನಾಲ್ಕನೆಯ ಅಧ್ಯಾಯ ಬಂದಿತ್ತು. ತಮ್ಮ ಸ್ನಾನವನ್ನೂ ಬಿಟ್ಟು ಓದಲು ಕೂತ. ಅಲೆಗಳು ಅಲೆಗಳೇ ಆಗಿದ್ದವು, ಹಾಯಿ ಹಾಯಿಯೇ ಆಗಿತ್ತು. ಅಳಿಸಿದ ಪಟ್ಟಿಯನ್ನು ನೀರುಕೋಳಿ ಎಲ್ಲೋ ಬರೆದಿಟ್ಟುಕೊಂಡಿದ್ದರು. ಅವನಿಗೆ ನಾಚಿಕೆಯೂ ಆಯಿತು, ಕಣ್ಣೂ ಮಂಜಾಯಿತು. ಮಂಜಿನೊಳಗೆ ದೋಣಿಯವನು ಹುಟ್ಟು ನಿಲ್ಲಿಸುತ್ತಾನೆ. ದಡ ಎತ್ತ ಎಂದು ತಿಳಿಯದು, ಕಂದೀಲೂ ಕಾಣದು. ಹೆದರಿಕೆ ಕಳೆಯಲೆಂದು ಬಾಲ್ಯದಲ್ಲಿ ಕೇಳಿದ ಪದವೊಂದನ್ನು ಹೇಳಿಕೊಳ್ಳುತ್ತಾನೆ, ಒಂದು ಸಾಲು. ಉಸಿರಿಗೆ ನಿಲ್ಲುತ್ತಾನೆ. ಎಡಗಡೆಯಿಂದ, ಬಲು ಹತ್ತಿರದಿಂದ, ಅವನ ಅಕ್ಕನ ದನಿ ಬರುತ್ತದೆ—

ಓದು ನಿಂತಿತು. ಅಲ್ಲಿ 'ಊಂ' ಎಂದಿತ್ತು. ಹಕಾರ ಇರಲಿಲ್ಲ.

"ಯಾಕೋ ನಿಲ್ಲಿಸ್ದೆ? ಏನಂದ್ಲು ಅವಳು?"

ಅವನ ಬಲಗೈ ಕಿವಿಯ ಹಿಂದಿನ ಪೆನ್ಸಿಲಿಗೆ ಹೋಯಿತು, ಅಲ್ಲೇ ಕಿವಿ ಕೆರೆದುಕೊಂಡು ಇಳಿಯಿತು.

"ಊಂ ಅಂದ್ಲು," ಎಂದ, ಇದ್ದದ್ದು ಇದ್ದಂತೆ.

"ಹೂಂ," ಎಂದಳು ಅಕ್ಕ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಸ್ವಲ್ಪ ಹೊತ್ತು ಕೂತಳು. "ಗುಳ್ಳೆ ಕರಗ್ತಿದೆಯೇನೋ, ಒಳಗೊಂದು ನೀರಿನ ಗೆರೆ ಕಾಣ್ತಿದೆ ಕಣೋ. ನಾನು ಅಲುಗಿದ್ರೆ ಅದೂ ತುಳುಕುತ್ತೆ. ಗೆರೆ ಮೇಲೆ ಒಂದಿಷ್ಟು ಬೆಳಕಿದೆ. ಅದು ನಮ್ಮ ಪರದೆ ಅಂಚೇ ಇರಬೇಕು, ಹೊಲಿಗೆ ಸೊಟ್ಟಗಿದೆ."

"ಬಿಚ್ಚಿ ಹೊಲಿ ಮತ್ತೆ."

"ಇರಲಿ ಬಿಡು," ಎಂದಳು. "ಮುಂದೆ ಓದು."