ಬಾಗಿಲಿಗೆ ಅಡ್ಡ ಮುಳ್ಳು

ಬಾಳ್ಳುಪೇಟೆಯಲ್ಲಿ ಈಗ ಬೋರ್ಡು ಬರೆಸುವವರು ಯಾರೂ ಇಲ್ಲ. ಎಲ್ಲರಿಗೂ ಫ್ಲೆಕ್ಸ್ ಬೇಕು, ಅದರಲ್ಲಿ ತಮ್ಮ ಹಲ್ಲು ಕಾಣಬೇಕು. ಹಾಗಾಗಿ ಲಾರಿಗಳ ಬೆನ್ನಿಗೆ ಗಿಳಿ, ನವಿಲು ಬರೆದುಕೊಂಡಿದ್ದ ಈ ದಯಾನಂದ, ಅಂದರೆ ನಾನು, ಈಚೆಗೆ ಜನರ ಹಳೇ ಮನೆಗಳನ್ನು ಬರೆಯುತ್ತೇನೆ. ಬಿದ್ದುಹೋದ ಕಾಫಿ ಸ್ಟೋರು, ಕಡಿದುಹಾಕಿದ ಅರಳಿಮರದ ಕಟ್ಟೆ, ಅಜ್ಜಿಯ ಗುಡಿಸಲು. ಇದ್ದಾಗ ಒಂದು ಹೆಂಚು ಬದಲಾಯಿಸದವರೆಲ್ಲ ಬಿದ್ದ ಮೇಲೆ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ನನಗೇನು, ಹೊಟ್ಟೆಪಾಡು.

ಹೇಮಶ್ರೀ ಅಂಥವಳಲ್ಲ. ಆಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಬಾಡಿಗೆ ಮನೆಯಲ್ಲಿ ತಾಯಿ ದೇವೀರಮ್ಮನನ್ನು ನೋಡಿಕೊಂಡಿದ್ದವಳು. ತಾಯಿಗೆ ಮರೆವು. ಸಂಜೆಯಾದರೆ ಎರಡು ಸೀರೆ ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತೇನೆಂದು ಬೀದಿಗಿಳಿಯುವುದು. ಒಂದು ದಿನ ರೈಲು ಹಳಿಯ ಮೇಲೆ ಸಿಕ್ಕಿದ್ದಳಂತೆ.

"ಮನೆ ಅಂದ್ರೆ ಹೆಗ್ಗದ್ದೆ ಮನೆ ಕಣಣ್ಣ, ಅದು ಈಗಿಲ್ಲ," ಎಂದಳು ಹೇಮಶ್ರೀ. "ನಾನು ಚಿಕ್ಕೋಳಿದ್ದಾಗ ಅಪ್ಪ ಹೋಗ್ಬುಡ್ತು. ನಕ್ಷತ್ರ ಸರಿ ಇಲ್ಲ, ಪಂಚಕ ಅಂದ್ರು. ಮನೆ ಬುಡ್ದೇ ಇದ್ರೆ ಸಾವು ಇನ್ನೊಬ್ರುನ್ನ ಕೇಳ್ತದೆ ಅಂತ. ಆರು ತಿಂಗ್ಳಿಗೆ ಅಂತ ಬಾಗ್ಲಿಗೆ ಮುಳ್ಳು ಅಡ್ಡ ಇಟ್ಟು ಈಚೆ ಬಂದ್ವಿ. ಆ ಮಳೆಗಾಲ ಪೂರ್ತಿ ಒಲೆ ಉರೀಲಿಲ್ವಲ್ಲ, ಹೊಗೆ ಕಾಣ್ದೆ ಜಂತೆಗೆಲ್ಲ ಗೆದ್ಲು ಹತ್ಬುಡ್ತು. ಅವಧಿ ಮುಗಿಯೋ ಹೊತ್ಗೆ ಮನೆನೇ ಮಲಗ್ಬುಟ್ಟಿತ್ತು."

"ಭಲೇ! ಸತ್ತವರ ಹೆದ್ರಿಕೆಗೆ ಬದುಕಿದ್ದ ಮನೇನ ಕೊಂದ್ರಿ," ಎಂದುಬಿಟ್ಟೆ. ನಮ್ಮ ಮನೆತನದಲ್ಲಿ ಈ ನಕ್ಷತ್ರಗಳ ಗೊಡವೆಯಿಲ್ಲ, ಅದಕ್ಕೇ ನಾಲಿಗೆ ಹಗುರ.

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. "ಬರ್ದುಕೊಡಿ ಅಣ್ಣ. ಕಣ್ಣೆದುರಿಗೆ ಮನೆ ಇದ್ರೆ ಅವ್ವ ಬೀದಿಗೆ ಹೋಗಲ್ವೇನೋ."

ಹೆಗ್ಗದ್ದೆಗೆ ಹೋಗಿ ನೋಡಿದೆ. ಕಾಫಿ ಗಿಡಗಳ ನಡುವೆ ತಳಪಾಯದ ಕಲ್ಲು, ಒಂದು ಹಲಸಿನಮರ, ಮೇಲೇರಿದರೆ ಎಲ್ಲಿಗೂ ಹೋಗದ ಮೆಟ್ಟಿಲು. ಉಳಿದದ್ದನ್ನು ದೇವೀರಮ್ಮನ ಬಾಯಿಂದಲೇ ಕೇಳಿಕೊಂಡೆ. ಬೆಳಿಗ್ಗೆ ತಿಂದದ್ದು ನೆನಪಿಲ್ಲದ ಮುದುಕಿ ಮನೆಯ ವಿಷಯಕ್ಕೆ ಬಂದರೆ ತಡವರಿಸುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಕರು ಕಟ್ಟುತ್ತಿದ್ದುದು, ಬಾಗಿಲ ಕೆಳಮೂಲೆಯಲ್ಲಿ ಇಲಿ ಕೊರೆದ ತೂತಿಗೆ ಗಂಡ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹೊಡೆದದ್ದು, ಎಲ್ಲ ಹೇಳಿದಳು. ಮುಳ್ಳಿನ ಮಾತು ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬರೆದೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಳಗೊಂದು ದೀಪ ಹಚ್ಚಿದೆ, ಹೆಂಚಿನ ಸಂದಿಯಿಂದ ಹೊಗೆ ಏಳಿಸಿದೆ. ಪಾಪ, ಮುದುಕಿ ತನ್ನ ಮನೆ ಹೋಗಿ ಸೇರಲಿ ಎಂದು. ಜಂಬವಲ್ಲ, ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮುಂಚೆ ಬಂದಿರಲಿಲ್ಲ.

ಗೋಡೆಗೆ ಒರಗಿಸಿದಾಗ ದೇವೀರಮ್ಮ ಹತ್ತಿರ ಬಂದು ಕೂತಳು. ಕಂಬ ಸವರಿದಳು. ಡಬ್ಬಿಯ ಮುಚ್ಚಳ ಕಂಡು ನಕ್ಕಳು. ಆಮೇಲೆ ಬಾಗಿಲ ಹತ್ತಿರ ಬೆರಳು ನಿಂತಿತು.

"ಮುಳ್ಳು ಯಾವನೋ ತೆಗ್ದೋನು?"

ಹೇಮಶ್ರೀ ತಾಯಿಯ ಹೆಗಲು ಹಿಡಿಯಲು ಬಗ್ಗಿದಳು.

"ಇನ್ನೂ ಟೈಮ್ ಐತೆ ಕಣ್ರೋ! ಯಾವನೋ ಬಾಗ್ಲು ತೆಗ್ದ್ಬುಟ್ಟವ್ನೆ! ನನ್ ಮಗೀನ ತಿಂದ್ಬುಡ್ತದೆ!" ಎಂದು ಹೇಮಶ್ರೀಯನ್ನು ಎದೆಗೆ ಅವುಚಿಕೊಂಡು ಕಿರುಚತೊಡಗಿದಳು. ತಲೆಗೂದಲು ನರೆತ ಮಗಳು ಆ ತೋಳುಗಳಲ್ಲಿ ಉಸಿರಾಡಲಾರದೆ, "ಅಣ್ಣ, ಬಾಗ್ಲು ಹಾಕ್ಬುಡಿ, ದಮ್ಮಯ್ಯ," ಎಂದಳು.

ಅಲ್ಲೇ ಕೂತು ಬಣ್ಣ ಕಲಸಿದೆ. ನಾನೇ ಹಚ್ಚಿದ ದೀಪ ಆರಿಸಿದೆ, ಹೊಗೆ ಒರೆಸಿದೆ, ಬಾಗಿಲು ಮುಚ್ಚಿ ಅಡ್ಡಲಾಗಿ ಒಂದು ಮುಳ್ಳುಕೊಂಬೆ ಬರೆದೆ. ಮುಳ್ಳು ಪೂರ್ತಿಯಾಗುವ ಹೊತ್ತಿಗೆ ದೇವೀರಮ್ಮನ ಉಸಿರು ತಹಬಂದಿಗೆ ಬಂದಿತ್ತು.

"ಹೂಂ. ಅವಧಿ ಮುಗ್ದಾಗ ನೀನೇ ಬಂದು ತೆಗ್ದುಕೊಡು ಮಾರಾಯ. ಆಮೇಲೆ ಹೋಗಾನ," ಎಂದಳು.

"ಬರ್ತೀನಿ ಅಜ್ಜಿ," ಎಂದೆ.

ಅವತ್ತಿನಿಂದ ಅವಳು ಬೀದಿಗಿಳಿಯಲಿಲ್ಲ. ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರದ ಮುಂದೆ ಕೂತಿರುತ್ತಿದ್ದಳು. ಆಲೂರಿಗೆ ಹೋದಾಗಲೆಲ್ಲ ಇಣುಕಿ ಬರುತ್ತಿದ್ದೆ. "ಮುಗೀತಾ?" ಎಂದು ಕೇಳುವಳು. "ಇನ್ನೂ ಸ್ವಲ್ಪ ಐತೆ ಅಜ್ಜಿ," ಎನ್ನುವೆ. ಮುಗಿಯಿತು ಎನ್ನಬಹುದಿತ್ತು. ಆದರೆ ಆ ಕಿರುಚಾಟ ಕಿವಿಯಲ್ಲೇ ಇತ್ತು, ಧೈರ್ಯ ಸಾಲಲಿಲ್ಲ.

ಕಾಫಿ ಹೂವಾಗುವ ಕಾಲದಲ್ಲಿ ದೇವೀರಮ್ಮ ತೀರಿಕೊಂಡಳು. ತಿಥಿ ಕಳೆದ ಮಾರನೆಯ ದಿನ ಕುಂಚ, ಹಳದಿ ಬಣ್ಣದ ಡಬ್ಬಿ ಹಿಡಿದು ಹೊರಟೆ. ಬದುಕಿದ್ದಾಗ ಆಗಲಿಲ್ಲ, ಈಗಲಾದರೂ ಆ ಮುಳ್ಳು ಅಳಿಸಿ, ಬಾಗಿಲು ತೆರೆದು, ದೀಪ ಹಚ್ಚಿಬಿಡಬೇಕು. ಮಾತು ಕೊಟ್ಟಿದ್ದೆನಲ್ಲ.

ಹೊಲಿಗೆ ಅಂಗಡಿ ಮುಚ್ಚಿತ್ತು. ಹಿಂದಕ್ಕೆ ಹೋದರೆ ಬಾಡಿಗೆ ಮನೆಯ ಬಾಗಿಲಿಗೆ ನಿಜವಾದ ಮುಳ್ಳುಕೊಂಬೆ ಅಡ್ಡ ಇಟ್ಟಿದ್ದರು. ಎದುರು ಮನೆಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಹೇಮಶ್ರೀ.

"ಅವ್ವನಿಗೂ ಪಂಚಕ ಅಂದ್ರಣ್ಣ. ಓನರ್ ಒಂದಿನಾನೂ ಇರಕ್ಕೆ ಬುಡ್ಲಿಲ್ಲ."

"ಚಿತ್ರ?"

"ಒಳ್ಗೇ ಐತೆ."

ಒಂದು ಒಣ ಕೊಂಬೆ. ಕಾಲಲ್ಲಿ ಸರಿಸಿದರೆ ಸಾಕು, ಒಳಗೆ ಹೋಗಿ ಗಳಿಗೆಯಲ್ಲಿ ಕೆಲಸ ಮುಗಿಸಿ ಬರಬಹುದಿತ್ತು. ಹೆಜ್ಜೆ ಮುಂದಿಟ್ಟೆ ಕೂಡ.

"ಬ್ಯಾಡ ಅಣ್ಣ," ಎಂದಳು ಹೇಮಶ್ರೀ. ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು. "ಇನ್ನ ಉಳಿದಿರೋಳು ನಾನೊಬ್ಳೇ."

ಇಂಥದ್ದಕ್ಕೆಲ್ಲ ನಗುತ್ತಿದ್ದವನು ನಾನು. ಆ ಮುಖ ನೋಡಿಕೊಂಡು ದಾಟಲಾಗಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದೆ. ಕತ್ತಲಲ್ಲಿ ಗೋಡೆಗೆ ಒರಗಿಸಿದ್ದ ಚಿತ್ರ ಕಾಣುತ್ತಿತ್ತು, ಅದರ ಮುಂದೆ ದೇವೀರಮ್ಮನ ಗಂಟು ಹಾಗೇ ಇತ್ತು.

"ಎಷ್ಟು ತಿಂಗ್ಳು ಅಂದ್ರವ್ವ?" ಎಂದೆ.

"ಆರು."

ಕುಂಚ ಜೇಬಿಗಿಟ್ಟುಕೊಂಡೆ. "ಬರ್ತೀನಿ," ಎಂದೆ, ಅವಳ ತಾಯಿಗೆ ಹೇಳಿದ ಹಾಗೆಯೇ.