ಹಳೇ ರೋಲ್ ಬಿಸಾಕಿ

ನನ್ನ ಬಾಯಿ ಸರಿಯಿಲ್ಲ ಅಂತ ನನ್ನ ಹೆಂಡತಿ ವಸಂತಮ್ಮ ಮದುವೆಯಾದ ವರ್ಷವೇ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನೋ ಗಾದೆ ನನ್ನಂಥವರನ್ನು ನೋಡಿಯೇ ಮಾಡಿದ್ದು ಅಂದುಕೊಂಡು ಮೀಸೆ ತಿರುವಿಕೊಂಡು ಓಡಾಡಿದೆ. ಈಗ ಆ ಬಾಯಿಯನ್ನು ಹೊಲಿದುಕೊಂಡು ಕೂತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ನಾನು ಮುನೀಂದ್ರ. ಪೀಣ್ಯ ಎರಡನೇ ಹಂತದಲ್ಲಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಟರ್ನಿಂಗ್ ಕೆಲಸ ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೆ ಪಂಪಿನ ಬುಷ್ಷುಗಳು, ಮನಸ್ಸಿಗೆ ಹಳೇ ಕ್ಯಾಮೆರಾ ಲೆನ್ಸುಗಳು. ರೋಲಿನ ಕಾಲದ ಲೆನ್ಸನ್ನು ಈಗಿನ ಡಿಜಿಟಲ್ ಕ್ಯಾಮೆರಾಗೆ ಕೂರಿಸಬೇಕಾದರೆ ನಡುವೆ ಒಂದು ಅಲ್ಯೂಮಿನಿಯಂ ಬಳೆ ಬೇಕು. ಅಂಗಡಿಯಲ್ಲಿ ಸಿಗದ ಅಳತೆಯದನ್ನು ನಾನು ಮಾಡಿಕೊಡುತ್ತೇನೆ. ಹಾಗಾಗಿ ಕಡಿಮೆ ಬೆಲೆಯ ಹಳೇ ಲೆನ್ಸಿನ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ನನ್ನ ಶೆಡ್ಡಿಗೆ ಬಂದೇ ಬರುತ್ತಾರೆ.

ಇಂಥವರದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ಹೆಸರು ಹಳೇ ಗಾಜು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಇಂಜಿನಿಯರುಗಳು, ಮದುವೆ ಫೋಟೊ ತೆಗೆಯುವವರು, ಎಲ್ಲ ಸೇರಿ ಮುನ್ನೂರು ಚಿಲ್ಲರೆ ಜನ. ಯಾರಾದರೂ ಗುಜರಿಯಲ್ಲಿ ಸಿಕ್ಕ ಲೆನ್ಸಿನ ಫೋಟೊ ಹಾಕಿ ಹೇಗಿದೆ ಅಂತ ಕೇಳಿದರೆ ತಲೆಗೊಂದು ಅಭಿಪ್ರಾಯ. ಅಂಚು ಮಸುಕು ಅಂತ ಒಬ್ಬ, ಆ ಮಸುಕೇ ಸೊಗಸು ಅಂತ ಇನ್ನೊಬ್ಬ. ಗಾಜಿಗೆ ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ ತಗೊಳ್ಳಿ ಅನ್ನುವ ಪುಣ್ಯಾತ್ಮರೂ ಇದ್ದರು. ಕೊನೆಗೆ ಎಲ್ಲರೂ ಮುನಿ ಅಣ್ಣ ಏನಂತಾರೆ ಅಂತ ಕಾಯುತ್ತಿದ್ದರು. ನಾನು ಒಂದೇ ಸಾಲಿನಲ್ಲಿ ಕತ್ತರಿಸಿ ಹಾಕುತ್ತಿದ್ದೆ. ಒಬ್ಬನ ದುಬಾರಿ ಜೂಮ್ ಲೆನ್ಸಿಗೆ ರೊಟ್ಟಿ ಲಟ್ಟಿಸೋಕೆ ಚೆನ್ನಾಗಿದೆ ಅಂತ ಬರೆದಿದ್ದೆ, ಅವನು ಮಾರನೇ ದಿನ ಗ್ರೂಪೇ ಬಿಟ್ಟುಹೋದ. ಜನ ನಕ್ಕರು. ಜನ ನಗುತ್ತಾರೆ ಅಂತಲೇ ನಾನು ಬರೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹಳೇ ಕ್ಯಾಮೆರಾ ಕೈಗೆ ಸಿಕ್ಕರೆ ಮೊದಲು ಏನು ಮಾಡಬೇಕು ಅಂತ ನಾನೇ ಬರೆದದ್ದು ಗ್ರೂಪಿನ ತಲೆಯ ಮೇಲೆ ಪಿನ್ ಆಗಿ ಕೂತಿತ್ತು. ಹಿಂಬದಿ ಮುಚ್ಚಳ ತೆಗೆಯಿರಿ, ಬೆಳಕಿಗೆ ಹಿಡಿದು ಲೆನ್ಸ್ ನೋಡಿ, ವಿಡಿಯೊ ಹಾಕಿ. ಅದರ ಕೆಳಗೆ ನನ್ನ ತತ್ವ: ಲೆನ್ಸ್ ಚಿನ್ನ, ಬಾಡಿ ಬರೀ ಡಬ್ಬಿ. ನಮ್ಮಂಥವರು ಹಳೇ ಕ್ಯಾಮೆರಾ ಕೊಳ್ಳುವುದೇ ಲೆನ್ಸ್ ಕಿತ್ತುಕೊಳ್ಳುವುದಕ್ಕೆ. ಒಳಗೆ ರೋಲ್ ಇದೆಯಾ ಅಂತ ಮೊದಲು ನೋಡಿ ಅನ್ನುವ ಒಂದು ಸಾಲನ್ನು ನಾನು ಬರೆದಿರಲಿಲ್ಲ.

ಜನವರಿಯ ಒಂದು ಶನಿವಾರ ಉಮಾಶ್ರೀ ಅಂತ ಹೊಸಬಳೊಬ್ಬಳು ಗ್ರೂಪಿಗೆ ಬಂದಳು. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಅಪ್ಪನ ಜೊತೆ ಇದ್ದೇನೆ, ಅಪ್ಪನ ಹಳೇ ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿತು, ಅವರಿಗೆ ಗೊತ್ತಾಗದ ಹಾಗೆ ಅದರ ಲೆನ್ಸನ್ನು ನನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಿಸಿ ಅವರ ಹುಟ್ಟಿದ ದಿನಕ್ಕೆ ಕೊಡಬೇಕು ಅಂತ ಬರೆದಿದ್ದಳು. ಪಿನ್ನಿನಲ್ಲಿ ಇದ್ದ ಹಾಗೆ ಮಾಡಿ ಅಂದೆ. ಅರ್ಧ ಗಂಟೆ ಬಿಟ್ಟು ವಿಡಿಯೊ ಬಂತು. ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಹಿಂಬದಿ ತೆರೆದುಕೊಂಡ ಕ್ಯಾಮೆರಾ. ಒಳಗೆ ರೋಲ್ ಇದೆ ಸಾರ್, ಏನು ಮಾಡಲಿ ಅಂತ ಕೇಳಿದ್ದಳು.

ಬೆಳಕು ಬಿದ್ದರೆ ಚಿತ್ರ ಹೋಗುತ್ತೆ, ತಕ್ಷಣ ಮುಚ್ಚಿ ಅಂತ ಒಂದು ಮಾತು ಬರೆಯಬೇಕಿತ್ತು. ಕಪ್ಪು ಬಿಳುಪು ರೋಲ್ ಆದರೆ ಮೂವತ್ತು ವರ್ಷ ಕಳೆದರೂ ಚಿತ್ರ ಉಳಿದಿರಬಹುದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಅಂಥ ರೋಲುಗಳನ್ನು ನಾನೇ ಔಷಧದಲ್ಲಿ ತೊಳೆದು ಚಿತ್ರ ಬರಿಸಿದ್ದೇನೆ. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಲೆನ್ಸು, ಮತ್ತೆ ನಗುವ ಮುನ್ನೂರು ಜನ. ಬುಷ್ಷಿನ ಕೆಲಸ ಮುಗಿಸಿ ಹತ್ತು ನಿಮಿಷ ಬಿಟ್ಟು ಬರೆದೆ: "ಆ ಕಾಲದ ರೋಲಲ್ಲಿ ಏನೂ ಉಳಿದಿರಲ್ಲ ಮೇಡಂ, ಉಪ್ಪಿನಕಾಯಿ ಹಾಕೋಕೂ ಬರಲ್ಲ. ಹಳೇ ರೋಲ್ ಬಿಸಾಕಿ, ಲೆನ್ಸ್ ನೋಡಿ." ನಲವತ್ತು ಜನ ಹೆಬ್ಬೆಟ್ಟು ಒತ್ತಿದರು.

ಅವಳು ಬಿಸಾಕಲಿಲ್ಲ. ರೋಲ್ ಎಳೆಯುವುದು ಹೇಗೆಂದು ತಿಳಿಯದೆ ಮುಚ್ಚಳ ಹಾಕಿ ಮರುದಿನ ಕ್ಯಾಮೆರಾವನ್ನೇ ಶೆಡ್ಡಿಗೆ ತಂದಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಮಾತು ಮೆದು. ನಿಮ್ಮ ಉತ್ತರ ಬರುವವರೆಗೂ ಏನನ್ನೂ ಮುಟ್ಟದೆ ಹಾಗೇ ತೆರೆದಿಟ್ಟಿದ್ದೆ ಸಾರ್ ಅಂದಳು. ನಾನು ರೋಲನ್ನು ಅದರ ತಗಡಿನ ಡಬ್ಬಿಯೊಳಕ್ಕೆ ಸುತ್ತಿ ಡ್ರಾಯರಿಗೆ ಎಸೆದೆ. ಆ ಡಬ್ಬಿಗಳು ಸಣ್ಣ ಸ್ಕ್ರೂ ಹಾಕಿಡುವುದಕ್ಕೆ ಅನುಕೂಲ. ಲೆನ್ಸ್ ಮಾತ್ರ ಅಪರಂಜಿ, ಐವತ್ತು ಎಂಎಂ, ಒಂದು ಗೀರೂ ಇಲ್ಲ. ಬಳೆ ತಿರುವುವ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತು ಅವಳು ತನ್ನ ಮನೆಯ ಕತೆ ಹೇಳಿದಳು. ಅಮ್ಮ ಹೋದಾಗ ಅವಳಿಗೆ ಹನ್ನೊಂದು ತಿಂಗಳು. ಮನೆಯಲ್ಲಿ ಅಮ್ಮನ ಮದುವೆಯ ಫೋಟೊ ಒಂದಿದೆ, ಅದರಲ್ಲೂ ಬಾಸಿಂಗದ ಹಿಂದೆ ಮುಖ ಅರ್ಧ ಮುಚ್ಚಿದೆ. ಅಮ್ಮನೂ ತಾನೂ ಒಟ್ಟಿಗೆ ಇರುವ ಚಿತ್ರ ಒಂದೂ ಇಲ್ಲ. ಅಮ್ಮ ಹೋದ ಮೇಲೆ ಅಪ್ಪ ಈ ಕ್ಯಾಮೆರಾ ಮುಟ್ಟಲಿಲ್ಲವಂತೆ.

ಇಷ್ಟು ಕೇಳಿದ ಮೇಲೂ ನನ್ನ ಮಂಡೆಗೆ ಹೊಳೆಯಲಿಲ್ಲ. ಡ್ರಾಯರು ನನ್ನ ಮೊಣಕಾಲಿಗೆ ತಾಗುವ ಹಾಗಿತ್ತು. ಬಾಡಿ ಏನು ಮಾಡಲಿ ಅಂತ ಅವಳು ಕೇಳಿದಾಗ ಇಲ್ಲೇ ಬಿಡಿ, ಬಿಡಿಭಾಗಕ್ಕೆ ಆಗುತ್ತೆ ಅಂತ ಹೇಳಿ ಕಳಿಸಿದೆ.

ಗುರುವಾರ ಬೆಳಿಗ್ಗೆ ಅವಳ ಅಪ್ಪ ಬಂದರು. ಸಂಗಣ್ಣ ಅಂತ ಹೆಸರು, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಬ್ರೂಕ್‌ಫೀಲ್ಡಿನಿಂದ ಎರಡು ಮೆಟ್ರೊ ಬದಲಾಯಿಸಿ, ಮಗಳಿಗೆ ಹೇಳದೆ, ನನ್ನ ಶೆಡ್ಡನ್ನು ವಿಚಾರಿಸಿಕೊಂಡು ಬಂದಿದ್ದರು. ಹಿಂದಿನ ದಿನ ಹುಟ್ಟಿದ ದಿನದ ಉಡುಗೊರೆ ಕೈಗೆ ಬಂದಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ.

"ಲೆನ್ಸ್ ಬೇಕಾದ್ರ ನೀವ ಇಟ್ಕೊಳ್ರಿ," ಅಂದರು. "ನನಗ ಆ ಹಳೇ ಡಬ್ಬಿ ಬೇಕಾಗೇತಿ. ಅದರಾಗ ರೋಲ್ ಐತ್ರಿ. ರೋಲಿನಾಗ ನಮ್ಮಾಕಿ ಅದಾಳ್ರಿ."

ಅವರು ನಿಂತುಕೊಂಡೇ ಹೇಳಿದರು. ರಾಣೆಬೆನ್ನೂರಿನ ಐಟಿಐಯಲ್ಲಿ ಟರ್ನಿಂಗ್ ಕಲಿಸುವ ಮೇಷ್ಟ್ರಾಗಿದ್ದರಂತೆ. ಮಗಳು ಹುಟ್ಟಿದ ಮೇಲೆ, ಮುಚ್ಚಿಹೋಗುತ್ತಿದ್ದ ಸ್ಟುಡಿಯೊ ಒಂದರಿಂದ ಈ ಕ್ಯಾಮೆರಾ ಕೊಂಡದ್ದು. ಇದೇ ಮೊದಲ ರೋಲು, ಇದೇ ಕೊನೆಯದು. ಮೊದಮೊದಲು ಕೈ ಪಳಗಲಿ ಅಂತ ಬಸ್ ನಿಲ್ದಾಣ, ಕಾಲೇಜಿನ ಲೇತು, ಪಕ್ಕದ ಮನೆಯ ಎಮ್ಮೆ, ಹೀಗೆ ಕಂಡಕಂಡದ್ದನ್ನು ತೆಗೆದರು. ಕೈ ಪಳಗಿದ ಮೇಲೆ ಒಂದು ಭಾನುವಾರ ಹಿತ್ತಲಲ್ಲಿ, ಎಣ್ಣೆ ಹಚ್ಚಿ ನೀರು ಹಾಕಿದ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಡತಿ ಮಹಾದೇವಿಯ ಚಿತ್ರ, ಒಂದಾದ ಮೇಲೊಂದು ಹತ್ತು. ಎರಡೇ ತಿಂಗಳಿಗೆ ಕಾಮಾಲೆ ಅವಳನ್ನು ಕರೆದುಕೊಂಡು ಹೋಯಿತು.

ಯಾಕೆ ತೊಳೆಸಲಿಲ್ಲ ಅಂತ ಕೇಳಿದೆ. ಕೇಳುವ ಯೋಗ್ಯತೆ ನನಗೆ ಇರಲಿಲ್ಲ, ಆದರೂ ಕೇಳಿದೆ.

"ತೊಳಿಸಿದಾಗ ಏನೂ ಬಂದಿಲ್ಲ ಅಂದ್ರ ಏನ್ ಮಾಡ್ಲಿ ಅಂತ ಅಂಜಿಕಿ ಇತ್ರಿ. ಒಳಗ ಇದ್ರ ಆಕಿ ಅದಾಳ ಅಂದ್ಕೊಂಡಿರಬಹುದು. ಈ ವರ್ಷ ಉಮಾಗ ಕೊಡೋಣು, ಮುಂದಿನ ವರ್ಷ ಕೊಡೋಣು ಅಂತ ಹಿಂಗ ಇಪ್ಪತ್ತೆಂಟು ವರ್ಷ ಆತು."

ಡ್ರಾಯರಿನಿಂದ ಡಬ್ಬಿ ತೆಗೆದು ಅವರ ಅಂಗೈಯಲ್ಲಿಟ್ಟೆ. ಅವರ ಮುಖ ಅರಳಿದ್ದನ್ನು ನೋಡಲಾಗದೆ ಲೇತಿನ ಕಡೆ ತಿರುಗಿಕೊಂಡು ಹೇಳಿದೆ, ಇದು ಬೆಳಕಿಗೆ ತೆರೆದುಕೊಂಡಿದೆ ಅಂತ. ಯಾರು ತೆಗೆದದ್ದು ಅಂದರು. ನಿಮ್ಮ ಮಗಳು, ನಾನು ತೆಗೆಯಿರಿ ಅಂದದ್ದಕ್ಕೆ ಅಂದೆ. ಅವರು ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ಎರಡು ಬಾರಿಸಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ರೋಲು ಕ್ಯಾಮೆರಾದೊಳಗೆ ಸುತ್ತಿಕೊಳ್ಳುವ ರೀತಿಯೇ ಹಾಗೆ. ಮೊದಲು ತೆಗೆದದ್ದು ಒಳಗಿನ ಸುತ್ತಿಗೆ ಹೋಗುತ್ತದೆ, ಕೊನೆಗೆ ತೆಗೆದದ್ದು ಮೇಲಿರುತ್ತದೆ. ಮುಚ್ಚಳ ತೆರೆದರೆ ಬೆಳಕು ಮೊದಲು ತಿನ್ನುವುದು ಮೇಲಿನದನ್ನು. ಇದನ್ನು ಅವರಿಗೆ ವಿವರಿಸಬೇಕಾಗಲಿಲ್ಲ. ಅರ್ಥವಾಗಿತ್ತು. ಆದರೂ ಎಷ್ಟು ಉಳಿದಿದೆಯೋ ನೋಡೋಣ ಅಂತ ಭಾನುವಾರ ಬರಲು ಹೇಳಿದೆ. ಆ ಮೂರು ದಿನ ನಾನು ಯಲ್ಲಮ್ಮನಿಗೆ ಕಟ್ಟಿಕೊಂಡಷ್ಟು ಹರಕೆ ನನ್ನ ಮಗಳ ಹೆರಿಗೆಗೂ ಕಟ್ಟಿಕೊಂಡಿರಲಿಲ್ಲ.

ಭಾನುವಾರ ಸುತ್ತಲ ಶೆಡ್ಡುಗಳೆಲ್ಲ ಮುಚ್ಚಿ ಪೀಣ್ಯ ಸುಮ್ಮನಿತ್ತು. ಕಪ್ಪು ಚೀಲದೊಳಗೆ ಕೈ ಹಾಕಿ ರೋಲನ್ನು ತೊಳೆಯುವ ಡಬ್ಬಿಗೆ ಏರಿಸಿದೆ, ಔಷಧ ಹುಯ್ದೆ. ಸಂಗಣ್ಣ ಗಡಿಯಾರ ಹಿಡಿದು ನಿಮಿಷ ಎಣಿಸಿದರು. ಹೊರಗೆ ತೆಗೆದು, ನೀರು ಸುರಿಯುತ್ತಿದ್ದ ಪಟ್ಟಿಯನ್ನು ಇಬ್ಬರೂ ಬಾಗಿಲ ಬೆಳಕಿಗೆ ಹಿಡಿದೆವು. ಬಸ್ ನಿಲ್ದಾಣ ಬಂತು. ಲೇತು ಬಂತು. ಎಮ್ಮೆ ಬಂತು, ಒಂದಲ್ಲ, ನಾಲ್ಕು ಸಲ. ಇಪ್ಪತ್ತೆರಡನೆಯದರಲ್ಲಿ ಒಬ್ಬಾಕೆ ನೀರು ಸೇದುತ್ತಾ ಬೆನ್ನು ತಿರುಗಿಸಿ ನಿಂತಿದ್ದಳು, ಸೊಂಟದವರೆಗೆ ಜಡೆ. ಕ್ಯಾಮೆರಾ ಕಂಡು ನಾಚಿ ತಿರುಗಿಕೊಂಡಳು ಅಂತ ಸಂಗಣ್ಣ ಸಣ್ಣಗೆ ಹೇಳಿದರು. ಮುಂದಿನ ಎರಡು ಮಸಿ ಮೆತ್ತಿದ ಹಾಗಿದ್ದವು. ಇಪ್ಪತ್ತೈದರಿಂದ ಮೂವತ್ತನಾಲ್ಕು, ಆ ಹತ್ತೂ, ಕಪ್ಪು.

ಜೋರು ದೀಪ ತಂದೆ, ಭೂತಗಾಜು ತಂದೆ, ಒಂದೊಂದನ್ನೂ ನೋಡಿದೆ. ಏನೂ ಇಲ್ಲ. ಮೂಗಿಲ್ಲ, ಕಣ್ಣಿಲ್ಲ, ಕೂಸಿನ ಕೈಯೂ ಇಲ್ಲ. ಐವತ್ತೆರಡು ವರ್ಷದ ಗಂಡಸು ನಾನು, ಕಬ್ಬಿಣದ ಚೂರಿನ ನಡುವೆ ಕುಕ್ಕರುಬಡಿದು ಗೊಳೋ ಎಂದು ಅತ್ತೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನ ಒಂದು ಮಾತಿಗೆ ಯಾರದೋ ತಾಯಿಯ ಮುಖ ಹೋಯಿತು.

ಸಂಗಣ್ಣ ಅಳಲಿಲ್ಲ. ಕತ್ತರಿ ಕೇಳಿ ಪಡೆದು ಕಪ್ಪಾದ ಭಾಗವನ್ನು ಕತ್ತರಿಸಿ, ಮಡಿಕೆ ಬೀಳದ ಹಾಗೆ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಎರಡೂ ಕೈ ಹಿಡಿದರು.

"ಉಮಾಗ ಇದನ್ನ ಹೇಳಬ್ಯಾಡ್ರಿ."

ಹೇಳಿ, ನನ್ನ ಮೇಲೆ ಹಾಕಿ, ನಾನೇ ಹೇಳಿಕೊಟ್ಟದ್ದು ಅಂದೆ.

"ಯಾರರ ಹೇಳ್ಕೊಡ್ಲಿ, ಮುಚ್ಚಳ ತೆಗೆದಾಕಿ ಆಕೀನ ಅಲ್ರಿ. ಗೊತ್ತಾದ್ರ ಆ ಹುಡುಗಿ ಜೀವ ಇರೋತನಕ ತನ್ನ ಕೈ ನೋಡ್ಕೊಂತ ಕುಂದರ್ತಾಳ. ಅವ್ವನ್ನ ಒಂದ್ ಸಲ ಕಳ್ಕೊಂಡಾಳ, ಸಾಕು. ನಾ ಆ ನೀರು ಸೇದೋ ಚಿತ್ರ ತೆಗೆದ ಮ್ಯಾಲೆ ಮತ್ತೇನೂ ತೆಗೀಲೇ ಇಲ್ಲ ಅಂತೀನಿ. ನೀವೂ ಹಂಗ ಅನ್ರಿ."

ಮಾತು ಕೊಟ್ಟೆ. ಅವರು ಹೋದ ಮೇಲೆ ಗ್ರೂಪಿನ ಪಿನ್ನನ್ನು ಅಳಿಸಿ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು.

ಮೂರು ವಾರ ಬಿಟ್ಟು ಉಮಾಶ್ರೀ ಶೆಡ್ಡಿಗೆ ಬಂದಳು. ನೀರು ಸೇದುವ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನನಗೂ ಒಂದು ಪ್ರತಿ ತಂದಿದ್ದಳು. ಗ್ರೂಪಿನಲ್ಲಿ ಅದನ್ನು ಹಾಕಿ ಮುನೀಂದ್ರ ಸಾರ್ ಉಳಿಸಿಕೊಟ್ಟರು ಅಂತ ಬರೆದಿದ್ದಳು. ಜನ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಅಮ್ಮನ ಜಡೆ ಇಷ್ಟು ಉದ್ದ ಅಂತ ಯಾರೂ ಹೇಳಿರಲಿಲ್ಲ ಸಾರ್ ಅಂತ ಗಾಜಿನ ಮೇಲೆ ಬೆರಳಾಡಿಸಿದಳು. ಅಪ್ಪ ಹೇಗಿದ್ದಾರೆ ಅಂದೆ. ಬೆರಳು ನಿಂತಿತು.

"ಅವರ ಜೊತೆ ಮಾತು ಬಿಟ್ಟಿದೀನಿ ಸಾರ್. ಎಮ್ಮೆದು ನಾಲ್ಕು ಫೋಟೊ ತೆಗೆದಿದಾರೆ. ಮೂವತ್ತಾರರ ರೋಲಲ್ಲಿ ಇನ್ನೂ ಹದಿನಾಲ್ಕು ತೆಗೆಯೋ ಅಷ್ಟು ಉಳಿದಿತ್ತಂತೆ. ಅಮ್ಮ ಮನೇಲಿದ್ರು, ನಾನಿದ್ದೆ. ನಮ್ಮಿಬ್ಬರದು ಒಂದೇ ಒಂದು ತೆಗೀಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ ಅಂತ ಕೇಳ್ದೆ."

ಏನಂದರು ಅಂದೆ.

"ನೆನಪಾಗ್ಲಿಲ್ಲ ಯವ್ವಾ, ಅಂದ್ರು. ತಪ್ಪಾತು ಅಂತ ಕೈ ಮುಗಿದ್ರು. ನನಗೆ ಇನ್ನೂ ಸಿಟ್ಟು ಬಂತು. ಮಗಳು, ಹೆಂಡ್ತಿ ನೆನಪಾಗ್ದೇ ಇರೋ ಮನುಷ್ಯನ ಹತ್ರ ಏನಂತ ಮಾತಾಡ್ಲಿ ಸಾರ್?"

ನಾಲಿಗೆಯ ತುದಿಗೆ ಬಂದಿತ್ತು. ಹತ್ತು ತೆಗೆದಿದ್ದರಮ್ಮ, ಹತ್ತು, ಅದು ಈಗಲೂ ಅವರ ಜೇಬಿನಲ್ಲಿದೆ ಅಂತ. ಅವಳ ಕೈ ನೋಡಿದೆ. ಅಮ್ಮನ ಬೆನ್ನಿನ ಮೇಲೆ ಇಟ್ಟುಕೊಂಡಿದ್ದಳು. ಮನೆಗೆ ಹೋಗಿ ಮಾತಾಡಿಸು ತಾಯಿ ಅಂತ ಮಾತ್ರ ಹೇಳಿ, ಅವಳ ಮುಂದೆ ಅಳಬಾರದು ಅಂತ ಲೇತ್ ಆನ್ ಮಾಡಿದೆ.